ಸಿಮ್ಮಿನ ರೇಣುಕಮ್ಮ ಕೊಟ್ಟ ಹೇಳಿಕೆ

ಕಂಪ್ಲಿಯಲ್ಲಿ ಈಗ ರೇಣುಕಮ್ಮನ ಹೆಸರೆತ್ತಿದರೆ ಜನ ಥೂ ಎಂದು ಉಗುಳುತ್ತಾರೆ. ಹಾಗೆ ಉಗುಳುವವರಲ್ಲಿ ಅರ್ಧ ಜನಕ್ಕೆ ಹಸಿರು ಗುಂಡಿ ಒತ್ತಿದರೆ ಮಾತು, ಕೆಂಪು ಗುಂಡಿ ಒತ್ತಿದರೆ ಮೌನ ಎಂದು ಫೋನು ಹಿಡಿಯುವುದನ್ನು ಕಲಿಸಿದವಳು ಅವಳೇ. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ನನ್ನ ಹೆಸರು ಜಂಬುನಾಥ, ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವನು. ನನ್ನ ಮೇಜಿನ ಪಕ್ಕದಲ್ಲೇ ಅವಳ ಛತ್ರಿ ಇತ್ತು. ಒಂಬತ್ತು ವರ್ಷ ಒಂದೇ ಹೊಂಗೆಮರದ ನೆರಳನ್ನು ಹಂಚಿಕೊಂಡವರು ನಾವು. ಮಧ್ಯಾಹ್ನ ಅವಳ ಡಬ್ಬಿಯ ಶೇಂಗಾ ಚಟ್ನಿ ನನ್ನ ರೊಟ್ಟಿಯ ಮೇಲೆ ಬೀಳುತ್ತಿತ್ತು. ಆಕೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಓದಿದವರು ಹೇಳಲಿ.

ರೇಣುಕಮ್ಮ ಗಾದಿಗನೂರಿನವಳು. ಗಂಡ ಈಶ್ವರ್ ಸಂಡೂರಿನ ಗಣಿಗಳಿಂದ ಅದಿರು ಹೊರುವ ಲಾರಿ ಓಡಿಸುತ್ತಿದ್ದ. ಅದಿರಿನ ಧೂಳೇ ಬಂಗಾರವಾಗಿದ್ದ ಆ ಕಾಲದಲ್ಲಿ ಇವಳೂ ಸುಮ್ಮನೆ ಕೂರಲಿಲ್ಲ. ಹತ್ತಾರು ಹೆಂಗಸರ ಜತೆ ಬಿಸಿಲಲ್ಲಿ ಕೂತು ಸುತ್ತಿಗೆಯಲ್ಲಿ ಅದಿರು ಕುಟ್ಟಿ ಜರಡಿ ಹಿಡಿದಳು. ಗಣಿ ನಿಂತ ವರ್ಷ ಲಾರಿ ನಿಂತಿತು, ಲಾರಿಯ ಜತೆ ಈಶ್ವರನೂ ಮೂಲೆ ಹಿಡಿದ. ಕುಡಿತ ಅವನನ್ನು ಎರಡೇ ವರ್ಷದಲ್ಲಿ ಮುಗಿಸಿತು. ಮಗಳು ಸ್ನೇಹಾಳನ್ನು ಕಟ್ಟಿಕೊಂಡು ರೇಣುಕಮ್ಮ ಕಂಪ್ಲಿಯ ಅಕ್ಕನ ಮನೆಗೆ ಬಂದಳು. ಹೊಸಪೇಟೆಯ ಗುಡ್ಡಪ್ಪ ಎಂಬ ಸಿಮ್ ಡಿಸ್ಟ್ರಿಬ್ಯೂಟರ್ ಒಂದು ಛತ್ರಿ, ಒಂದು ಸ್ಟೂಲು, ಹೆಬ್ಬೆಟ್ಟು ಓದುವ ಒಂದು ಮೆಷಿನ್ ಕೊಟ್ಟು ನನ್ನ ಪಕ್ಕದಲ್ಲಿ ಕೂರಿಸಿಹೋದ.

ಸಿಮ್ ಮಾರುವವರೂ ಹೆಸರು ನೋಂದಾಯಿಸಬೇಕು ಎಂಬ ನಿಯಮ ಬಂದಾಗ ಒಂದು ತಮಾಷೆ ನಡೆಯಿತು. ಮೆಷಿನ್ನು ಇವಳ ಹೆಬ್ಬೆಟ್ಟನ್ನೇ ಓದಲಿಲ್ಲ. ಅದಿರು ಕುಟ್ಟಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಅವತ್ತು ಅವಳು ಸಿಟ್ಟಿನಿಂದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದಳು, ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿದಳು, ಒಂದು ಹನಿ ಕೊಬ್ಬರಿಎಣ್ಣೆ ಸವರಿ ಒರೆಸಿ, ಓರೆಯಾಗಿ ಒತ್ತಿದಳು. ಮೆಷಿನ್ನು ಟಿಂವ್ ಅಂದಿತು. "ನೋಡಣ್ಣ, ನಾನೂ ಮನಷ್ಯಾಳ ಅಂತ ಒಪ್ಪಿಕೊಂತು" ಎಂದು ನಕ್ಕಳು.

ಅದೇ ಅವಳ ವಿದ್ಯೆಯಾಯಿತು. ಕಂಪ್ಲಿ ಸೀಮೆಯಲ್ಲಿ ನೆಟ್ಟಗಿನ ಹೆಬ್ಬೆಟ್ಟು ಯಾರಿಗಿದೆ? ಭತ್ತ ನಾಟಿ ಮಾಡಿ ಕೆಸರಲ್ಲಿ ನೆಂದ ಕೈ, ಕಬ್ಬಿನ ರವದಿ ಸುಲಿದು ಸವೆದ ಕೈ. ರೇಷನ್ ಅಂಗಡಿಯಲ್ಲಿ ನಾಲ್ಕು ಸಲ ಒತ್ತಿದರೂ ಮೆಷಿನ್ನು ಬಾಯಿ ಬಿಡುವುದಿಲ್ಲ. ಒತ್ತು ಎಂದರೆ ಒತ್ತುವುದು, ಇನ್ನೊಮ್ಮೆ ಎಂದರೆ ಇನ್ನೊಮ್ಮೆ ಒತ್ತುವುದು ನಮ್ಮ ಹೆಂಗಸರಿಗೆ ರೂಢಿಯಾಗಿಹೋಗಿತ್ತು. ಬೇರೆ ಅಂಗಡಿಗಳಲ್ಲಿ "ನಿನ್ನ ಬೆರಳೇ ಸರಿ ಇಲ್ಲ, ನಡಿ" ಎಂದು ಓಡಿಸಿದರೆ, ಇವಳು ಕೈ ಹಿಡಿದು ಕೂರಿಸಿಕೊಂಡು, ಮಗುವಿನ ಕೈ ತೊಳೆದಂತೆ ತೊಳೆದು, ತನ್ನ ಬೆರಳಿನಿಂದ ಅವರ ಬೆರಳನ್ನು ಅದುಮಿ ಹಿಡಿಯುತ್ತಿದ್ದಳು. ದೇವಸಮುದ್ರ, ಎಮ್ಮಿಗನೂರು ಕಡೆಯಿಂದ ಹೆಂಗಸರು ಟಂಟಂ ಹತ್ತಿ ಬರುತ್ತಿದ್ದದ್ದು ಆ ಕೈಗಾಗಿ.

ಎಮ್ಮಿಗನೂರಿನ ಯಲ್ಲಕ್ಕ ಬಂದದ್ದೂ ಹಾಗೆಯೇ. ಐವತ್ತೈದು ದಾಟಿದ ಕೂಲಿ ಹೆಂಗಸು. ಗಂಡ ಮೂಕಣ್ಣನಿಗೆ ಲಕ್ವ ಹೊಡೆದು ಬಲಭಾಗ ಸತ್ತಿತ್ತು. ಯಲ್ಲಕ್ಕನಿಗೆ ಫೋನು ಬೇಕಾಗಿದ್ದು ಮಾತಿನ ಚಪಲಕ್ಕಲ್ಲ. ಒಂದು ಫೋನು ಅವನ ಮಂಚಕ್ಕೆ, ಇನ್ನೊಂದು ತನ್ನ ಸೆರಗಿಗೆ. ಏನಾದರೂ ಆದರೆ ಅವನು ಎಡಗೈಯಲ್ಲಿ ಒಂದು ಗುಂಡಿ ಒತ್ತಬೇಕು, ಇವಳು ಗದ್ದೆಯಿಂದ ಓಡಿಬರಬೇಕು. ಆ ಒಂದೇ ಗುಂಡಿಯನ್ನು ರೇಣುಕಮ್ಮ ಸರಿಮಾಡಿಕೊಟ್ಟು, ಅದರ ಮೇಲೆ ಉಗುರಿನ ಬಣ್ಣದಲ್ಲಿ ಕೆಂಪು ಚುಕ್ಕೆ ಇಟ್ಟಳು. ಕಂಪನಿಗಳ ಬೇಡದ ಕರೆ ಬಂದು ಮುದುಕ ಗಾಬರಿಯಾಗಬಾರದು ಎಂದು ಅಂಥ ಕರೆ ತಡೆಯುವ ಮೆಸೇಜನ್ನೂ ತಾನೇ ಹಾಕಿಕೊಟ್ಟಳು. ಯಲ್ಲಕ್ಕ ಅವಳ ಗಲ್ಲ ಸವರಿ ನೆಟಿಕೆ ಮುರಿದಳು. ಇದೆಲ್ಲ ನಿಜ.

ಅದೇ ದಿನ, ಅದೇ ಸ್ಟೂಲಿನ ಮೇಲೆ, "ಫೋಟೊ ಮಸುಕು ಬಂತಬೇ, ಬೆರಳೂ ಸರಿ ಬಿದ್ದಿಲ್ಲ, ಇನ್ನೊಮ್ಮಿ ಒತ್ತು" ಎಂದು ಯಲ್ಲಕ್ಕನಿಂದ ಬೇಡದ ಮೂರನೆಯ ಸಿಮ್ಮಿಗೂ ಹೆಬ್ಬೆಟ್ಟು ಒತ್ತಿಸಿಕೊಂಡಳಲ್ಲ, ಅದೂ ನಿಜ.

ಇದು ಶುರುವಾದದ್ದು ಗುಡ್ಡಪ್ಪನಿಂದ. ಪ್ರತಿ ಶನಿವಾರ ಬೈಕಿನಲ್ಲಿ ಚೀಲ ನೇತುಹಾಕಿಕೊಂಡು ಬರುತ್ತಿದ್ದ. "ಟಾರ್ಗೆಟ್ ಮುಟ್ಟಲಿಲ್ಲಂದ್ರ ನಿನ್ನ ಐಡಿ ಬಂದ್ ಆಗ್ತೈತಿ ನೋಡವ್ವ" ಎನ್ನುತ್ತಿದ್ದ. ಆಮೇಲೆ ದಾರಿಯನ್ನೂ ಅವನೇ ತೋರಿಸಿದ. ನಮ್ಮ ಕಡೆ ರೈತರು ಮನೆಯಲ್ಲಿ ಕೂತೇ ಫೋನಿನಿಂದ ಪಂಪ್‌ಸೆಟ್ ಚಾಲೂ ಮಾಡುತ್ತಾರೆ; ಅದಕ್ಕೆ ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್ ಹಾಕಿರಬೇಕು. "ಆ ಡಬ್ಬಿಗೆ ಹಾಕಾಕ ಸಿಮ್ ಸಾಲವಲ್ವು. ಯಾರದಾರ ಹೆಸರಿನ್ಯಾಗ ತೆಗಿ. ಒಬ್ಬೊಬ್ರ ಹೆಸರಿಗಿ ಒಂಬತ್ತರ ತನಕ ಯಾರೂ ಕೇಳಂಗಿಲ್ಲ. ಯಾರಿಗೇನು ಲುಕ್ಸಾನು?" ಎಂದ. ರೇಣುಕಮ್ಮ ನಂಬಿದಳು, ಹಾಗೆ ತೆಗೆದ ಸಿಮ್ಮುಗಳನ್ನು ಶನಿವಾರ ಅವನ ಚೀಲಕ್ಕೆ ಹಾಕಿದಳು. ನಂಬುವುದು ಅನುಕೂಲವಾಗಿತ್ತು, ಅದಕ್ಕೇ ನಂಬಿದಳು ಎನ್ನುವುದು ನನ್ನ ಲೆಕ್ಕ. ಸ್ನೇಹಾ ಆಗತಾನೇ ಹೊಸಪೇಟೆಯಲ್ಲಿ ನರ್ಸಿಂಗ್ ಸೇರಿದ್ದಳು.

ನಾನು? ನಾನು ಪಕ್ಕದಲ್ಲೇ ಇದ್ದೆ. ಮೊದಲ ಸಲದ ಟಿಂವ್ ನನಗೆ ಕೇಳುತ್ತಿತ್ತು, ಆಮೇಲೆ "ಸರಿ ಬಿದ್ದಿಲ್ಲ" ಎಂಬ ಮಾತೂ ಕೇಳುತ್ತಿತ್ತು. ಮೂವತ್ತು ವರ್ಷ ಸರ್ಕಾರಿ ಕಾಗದದ ಮೇಲೆ ಹೆಬ್ಬೆಟ್ಟು ಹಾಕಿಸಿದವನಿಗೆ ಇಷ್ಟು ತಿಳಿಯದೆ ಇರುತ್ತದೆಯೇ? ಊರ ಉಸಾಬರಿ ನನಗ್ಯಾಕೆ ಎಂದು ಪೆನ್ನಿನ ಕ್ಯಾಪು ತೆಗೆದು ಮುಂದಿನ ಅರ್ಜಿ ಬರೆಯುತ್ತಿದ್ದೆ.

ಒಂದು ದಿನ ನನ್ನ ಹಳೇ ಕಂಪ್ಯೂಟರಿನಲ್ಲಿ ಪಹಣಿಯ ಅರ್ಜಿ ಟೈಪು ಮಾಡುತ್ತಿದ್ದಾಗ ಪರದೆಯೆಲ್ಲ ಕೆಂಪಾಗಿ ಅಂಬುಲೆನ್ಸಿನ ಹಾಗೆ ಕೂಗತೊಡಗಿತು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಮುಟ್ಟಬೇಡಿ, ಬಂದ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂದು ದೊಡ್ಡ ಅಕ್ಷರದಲ್ಲಿ ಬಂತು. ಜನರ ಆಧಾರ್, ಪಾಸ್‌ಬುಕ್ ಎಲ್ಲ ಅದರೊಳಗಿದ್ದವು. ಫೋನು ತೆಗೆದು ನಂಬರು ಒತ್ತಿಯೇ ಬಿಟ್ಟಿದ್ದೆ. ರೇಣುಕಮ್ಮ ಓಡಿಬಂದು ಕಂಪ್ಯೂಟರಿನ ವೈರನ್ನೇ ಕಿತ್ತಳು.

"ಮಾಡಬ್ಯಾಡಣ್ಣ! ಕಳ್ರು ಅವ್ರು. ನೀನ ಕರೆ ಮಾಡ್ತಿಯಲ್ಲ, ಅದ ಅವರ ಆಟ. ರಿಪೇರಿ ಮಾಡ್ತೀವಂತ ನಿನ್ನ ಬಾಯಾಗಿಂದ ಎಲ್ಲಾ ಕೇಳಿ ತಕ್ಕೊಂಡು, ಬ್ಯಾಂಕ್‌ನ್ಯಾಗಿದ್ದದ್ದು ಗುಡಿಸಿ ಒಯ್ತಾರ."

"ನಿನಗ ಹೆಂಗ ಗೊತ್ತಬೇ ಇದೆಲ್ಲ?"

"ಗುಡ್ಡಪ್ಪ ಅಂದಿದ್ದ. ಇಂಥೋರು ಬ್ಯಾರೆ ಮಂದಿ ಹೆಸರಿನ ನಂಬರಿಗಿ ಎಷ್ಟ ರೊಕ್ಕ ಕೇಳಿದ್ರೂ ಕೊಡ್ತಾರ ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪಂಪ್‌ಸೆಟ್ ಡಬ್ಬಿಯ ಕಥೆ ಆ ಗಳಿಗೆಗೆ ಸತ್ತಿತು. ಅವಳ ಮುಖ ಸುಣ್ಣದ ಹಾಗಾಗಿತ್ತು. ಆಗಲಾದರೂ ನಾನು ಕೇಳಬೇಕಿತ್ತು. "ಚಾ ಹೇಳಲೇನು?" ಎಂದು ಕೇಳಿದೆ. ಮುಂದಿನ ಶನಿವಾರದಿಂದ ಅವಳು ಗುಡ್ಡಪ್ಪನಿಗೆ ಹೆಚ್ಚಿನ ಸಿಮ್ ಕೊಡುವುದನ್ನು ನಿಲ್ಲಿಸಿದಳು, ಅವನು ಬೈದುಹೋದ. ಆದರೆ ಆಗಲೇ ಹೋಗಿದ್ದ ಸಿಮ್ಮುಗಳನ್ನು ವಾಪಸು ಕರೆಯುವ ವಿದ್ಯೆ ಯಾರ ಬಳಿಯೂ ಇರಲಿಲ್ಲ. ದೂರು ಕೊಡಬಹುದಿತ್ತು. ಅವಳೂ ಕೊಡಲಿಲ್ಲ, ನಾನೂ ಬರೆದುಕೊಡಲೇ ಎಂದು ಕೇಳಲಿಲ್ಲ.

ಐದು ತಿಂಗಳ ನಂತರ ಯಲ್ಲಕ್ಕ ಒಂದು ರಿಜಿಸ್ಟರ್ಡ್ ಲಕೋಟೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಳು. ಪಿಂಚಣಿ ಮಂಜೂರಾಗಿದೆ ಎಂದುಕೊಂಡಿದ್ದಳು ಪಾಪ. ಅದು ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯ ನೋಟಿಸು. ಏಳು ದಿನದೊಳಗೆ ಬಂದು ಹಾಜರಾಗಬೇಕು, ತಪ್ಪಿದರೆ ಬಂಧಿಸಲಾಗುವುದು ಎಂದಿತ್ತು. ಜತೆಗೆ ಇಂಗ್ಲಿಷಿನಲ್ಲಿ ದೂರಿನ ನಕಲು. ಅದನ್ನು ಪೂರ್ತಿ ಓದಿದೆ.

ಅಲ್ಲಿ ಒಬ್ಬ ನಿವೃತ್ತ ಶಿಕ್ಷಕಿ. ಒಂಟಿ ಹೆಂಗಸು. ಅವಳ ಪರದೆಯೂ ಹಾಗೆಯೇ ಕೆಂಪಾಗಿ ಕೂಗಿತ್ತು. ಅವಳ ಪಕ್ಕದಲ್ಲಿ ವೈರು ಕೀಳುವವರು ಯಾರೂ ಇರಲಿಲ್ಲ. ಬೇಡದ ಕರೆ ಬಾರದಂತೆ ಆಕೆ ಮೊದಲೇ ಬರೆಸಿಕೊಂಡಿದ್ದಳಂತೆ. ಆದರೆ ಇಲ್ಲಿ ಕರೆ ಮಾಡಿದವಳು ಅವಳೇ ಆದ್ದರಿಂದ ಆ ತಡೆ ಕೆಲಸಕ್ಕೆ ಬರಲಿಲ್ಲ. ಇದ್ದಬದ್ದದ್ದೆಲ್ಲ ಹೋಯಿತು. ಈಗ ಫೋನು ಕೂಗಿದರೆ ಬೆವರುತ್ತಾಳೆ, ಮಗನ ಕರೆಯನ್ನೂ ಎತ್ತುವುದಿಲ್ಲ ಎಂದು ಆ ಮಗನೇ ದೂರಿನಲ್ಲಿ ಬರೆದಿದ್ದ. ಕಳ್ಳರ ಕುತ್ತಿಗೆ ಪೊಲೀಸರ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ಪರದೆಯ ಮೇಲಿದ್ದ ಆ ನಂಬರು ಯಾರ ಹೆಸರಿನಲ್ಲಿದೆ ಎಂಬುದೊಂದೇ. ಎಮ್ಮಿಗನೂರಿನ ಯಲ್ಲಕ್ಕ, ಫೋಟೊ ಸಮೇತ, ಹೆಬ್ಬೆಟ್ಟಿನ ಸಮೇತ.

ಅರ್ಥವಾಗುವಂತೆ ಹೇಳಿದೆ. ಯಲ್ಲಕ್ಕ ನೆಲಕ್ಕೆ ಕುಸಿದಳು. "ಏಳ ದಿನದಾಗ ಅಷ್ಟು ದೂರ ಹೆಂಗ ಹೋಗ್ಲೆಪ್ಪ? ನನ್ನ ಹಿಡಕೊಂಡು ಹೋದ್ರ ಮೂಕಣ್ಣಗ ಅನ್ನ ಉಣಸೋರು ಯಾರು? ಹೊಳ್ಳಿಸಿ ಮಲಗಿಸೋರು ಯಾರು?" ಬೇರೆ ಮಾತೇ ಇರಲಿಲ್ಲ ಅವಳಿಗೆ. ಛತ್ರಿಯ ಕೆಳಗಿದ್ದ ರೇಣುಕಮ್ಮ ಎಲ್ಲ ಕೇಳಿಸಿಕೊಂಡಳು. ಎದ್ದು ಬರಲಿಲ್ಲ.

ಸಂಜೆ ಜನ ಕರಗಿದ ಮೇಲೆ ಬಂದಳು. "ಅಣ್ಣ, ಒಂದು ಉತ್ತರ ಬರಿ. ಯಲ್ಲಕ್ಕ ಬರದಂಗ. ಸಿಮ್ ತಾನ ತಕ್ಕೊಂಡಿದ್ದೆ, ಸಂತ್ಯಾಗ ಕಳೀತು, ದೂರು ಕೊಡಾದು ತಿಳೀಲಿಲ್ಲ ಅಂತ. ಮುದುಕಿ, ಓದು ಬರಂಗಿಲ್ಲ, ಬಿಟ್ಟಬಿಡ್ತಾರ. ನನ್ನ ಹೆಸರು ಬಂದ್ರ ಮೂರು ವರ್ಷ ಜೈಲಂತ. ಸ್ನೇಹಾಂದು ಇದು ಕೊನಿ ವರ್ಷ ಅಣ್ಣ."

ನಾನು ಬರೆದೆ. ಬರೆಯುವುದಿಲ್ಲ ಎನ್ನಬಹುದಿತ್ತು. ಜನ ಹೇಳಿದ್ದನ್ನು ಬರೆಯುವುದು ನನ್ನ ಕಸುಬು, ಸುಳ್ಳೋ ಖರೆಯೋ ನೋಡುವುದು ಸಾಹೇಬರ ಕೆಲಸ ಎಂದು ಮೂವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅವತ್ತೂ ಅದನ್ನೇ ಹೇಳಿಕೊಂಡೆ. ಅಕ್ಷರ ಮಾತ್ರ ಎಂದಿನಂತೆ ದುಂಡಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಯಲ್ಲಕ್ಕ ಬಂದಳು. ಓದು ಬಾರದವರ ಹೆಬ್ಬೆಟ್ಟು ಹಾಕಿಸುವ ಮುಂಚೆ ಬರೆದದ್ದನ್ನು ಗಟ್ಟಿಯಾಗಿ ಓದಿಹೇಳುವುದು ನನ್ನಪ್ಪನ ಕಾಲದಿಂದ ನಮ್ಮ ಮನೆಯವರು ಬಿಡದೆ ಪಾಲಿಸಿಕೊಂಡು ಬಂದ ನೇಮ. ರೇಣುಕಮ್ಮ ಕಣ್ಣಲ್ಲೇ ಬೇಡ ಎಂದಳು. ನಾನು ಓದಿದೆ. ಅಷ್ಟು ಮಟ್ಟಿಗಿನ ಮರ್ಯಾದೆ ನನ್ನಲ್ಲಿ ಉಳಿದಿತ್ತು.

ಯಲ್ಲಕ್ಕ ಪೂರ್ತಿ ಕೇಳಿದಳು. "ನಾ ಯಾವಾಗ ತಕ್ಕೊಂಡ್ನಿ? ನಾ ತಗೊಂಡಾವು ಎರಡ. ಒಂದು ಅವನ ಮಂಚಕ್ಕೈತಿ, ಒಂದು ಇಲ್ಲೈತಿ" ಎಂದು ಸೆರಗಿನ ಗಂಟು ಮುಟ್ಟಿ ತೋರಿಸಿದಳು. ಆಮೇಲೆ ರೇಣುಕಮ್ಮನ ಕಡೆ ತಿರುಗಿದಳು. "ಯವ್ವ ರೇಣುಕಾ, ನಿನಗ ಇಂಥಾವು ತಿಳೀತಾವ. ಹಿಂಗ ಬರದ್ರ ಅವ್ರು ನನ್ನ ಬಿಡ್ತಾರೇನು? ನೀ ಹೂಂ ಅಂದ್ರ ಒತ್ತತೀನಿ."

ಕೈ ಚಾಚಿದಳು. ರೇಣುಕಮ್ಮ ಒದ್ದೆ ಬಟ್ಟೆ ತಂದು ಆ ಬೆರಳನ್ನು ಒರೆಸತೊಡಗಿದಳು. ಒರೆಸಿದಳು, ಒರೆಸಿದಳು, ಒರೆಸುತ್ತಲೇ ಇದ್ದಳು. ನಾನು ಇಂಕಿನ ಪ್ಯಾಡು ತೆರೆದು ಹಿಡಿದಿದ್ದೆ. ಕೊನೆಗೆ ಅವಳು ಯಲ್ಲಕ್ಕನ ಅಂಗೈಯಲ್ಲಿ ಮುಖ ಇಟ್ಟು, ತಾಲ್ಲೂಕು ಕಚೇರಿಯ ಜನವೆಲ್ಲ ತಿರುಗಿ ನೋಡುವಂತೆ ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು. ಯಲ್ಲಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಆ ಹಾಳಿ ಹರಿ ಅಣ್ಣ. ನನ್ನ ಹೆಸರಿನ್ಯಾಗ ಬರಿ" ಎಂದಳು ರೇಣುಕಮ್ಮ.

ನಾಲ್ಕು ಪುಟದ ಹೇಳಿಕೆ ಅದು. ಗುಡ್ಡಪ್ಪನ ಹೆಸರು, ಅವನು ಬಂದ ಶನಿವಾರಗಳು, ಪಂಪ್‌ಸೆಟ್ಟಿನ ಕಥೆ. ಕೊನೆಯ ಪುಟದಲ್ಲಿ ನಲವತ್ತೊಂದು ಹೆಂಗಸರ ಹೆಸರು. ಒಬ್ಬರನ್ನೂ ಮರೆತಿರಲಿಲ್ಲ, ಯಾರ ಬೆರಳು ಎಲ್ಲಿ ಸವೆದಿತ್ತು ಎನ್ನುವುದೂ ನೆನಪಿತ್ತು ಅವಳಿಗೆ. ಅದನ್ನು ಹಿಡಿದು ತಾನೇ ಠಾಣೆಗೆ ನಡೆದುಹೋದಳು. ಯಲ್ಲಕ್ಕನನ್ನು ಕರೆದೊಯ್ಯುವುದು ತಪ್ಪಿತು. ಸಾಕ್ಷಿಯಾಗಿ ಊರಲ್ಲೇ ಹೇಳಿಕೆ ಕೊಟ್ಟರೆ ಸಾಕು ಎಂದಾಯಿತು. ರೇಣುಕಮ್ಮ ಬಳ್ಳಾರಿ ಜೈಲು ಸೇರಿದಳು. ಗುಡ್ಡಪ್ಪ ಅಂಗಡಿಗೆ ಬೀಗ ಹಾಕಿ ಎಲ್ಲೋ ತಲೆಮರೆಸಿಕೊಂಡ.

ವಿಚಾರಣೆಗೆ ಬಂದ ಇನ್ಸ್‌ಪೆಕ್ಟರು ನನ್ನನ್ನೂ ಕೇಳಿದರು. "ಪಕ್ಕದಲ್ಲೇ ಕೂರ್ತೀರಲ್ಲ, ಏನಾದ್ರೂ ಗಮನಿಸಿದ್ರಾ?"

"ನನ್ನ ಕೆಲಸಾನ ನನಗ ಸಾಕಾಗಿರ್ತೈತ್ರಿ ಸರ್" ಎಂದೆ. ಅವರು ಬರೆದುಕೊಂಡು ಹೋದರು.

ಇಲ್ಲಿಗೆ ಮುಗಿದಿದ್ದರೆ ರೇಣುಕಮ್ಮನನ್ನು ಜನ ಒಂದಲ್ಲ ಒಂದು ದಿನ ಕ್ಷಮಿಸುತ್ತಿದ್ದರು. ಆದರೆ ಟೆಲಿಕಾಂ ಇಲಾಖೆಯವರು ಮೋಸದ ಸಿಮ್ಮು ಸಿಕ್ಕ ಹೆಸರುಗಳಲ್ಲಿರುವ ಎಲ್ಲ ನಂಬರುಗಳನ್ನೂ, ಪರಿಶೀಲನೆ ಮುಗಿಯುವ ತನಕ, ಬಂದ್ ಮಾಡಿದರು. ಹೊಸದು ಕೊಡುವುದಿಲ್ಲ ಎಂದರು. ನಿಯಮ ಮಾಡಿದವರಿಗೆ ಕಳ್ಳರನ್ನು ಹಿಡಿಯುವ ಆತುರ. ತಪ್ಪೇನಿಲ್ಲ, ಆ ಶಿಕ್ಷಕಿಯನ್ನು ನೆನೆದರೆ ನನಗೂ ಅದೇ ಆತುರ. ಆದರೆ ನಲವತ್ತೊಂದು ಹೆಂಗಸರ ಫೋನು ಒಂದೇ ದಿನ ಸತ್ತವು. ರೇಣುಕಮ್ಮ ಹೆಸರು ಹೇಳದಿದ್ದರೆ ಬದುಕಿರುತ್ತಿದ್ದವು. ಅವರೆಲ್ಲ ಬಂದು ಖಾಲಿ ಸ್ಟೂಲಿಗೆ ಮಣ್ಣು ತೂರಿ ಹೋದರು. ಅವರ ಪರವಾಗಿ ನಾನು ಪುಕ್ಕಟೆ ಅರ್ಜಿ ಬರೆದೆ, ಒಂದಲ್ಲ, ಹನ್ನೆರಡು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು.

ಮೂರನೆಯ ವಾರ. ಯಲ್ಲಕ್ಕ ನಾಟಿಗೆ ಹೋಗಿದ್ದಳು. ಮೂಕಣ್ಣ ಮಂಚದಿಂದ ಬಿದ್ದ. ಫೋನು ಅವನ ಎಡಗೈಯಲ್ಲೇ ಇತ್ತಂತೆ. ಒತ್ತಿದ್ದಾನೆ, ಎಷ್ಟು ಸಲವೋ ದೇವರಿಗೇ ಗೊತ್ತು. ಲಕ್ವದ ಬಾಯಿಂದ ಕೂಗಿದ್ದು ಬೀದಿಗೆ ಕೇಳಲಿಲ್ಲ. ಯಲ್ಲಕ್ಕ ಹೊತ್ತು ಮುಳುಗುವಾಗ ಬಂದು ನೋಡಿದರೆ, ತಲೆಗೆ ಪೆಟ್ಟಾಗಿ ತನ್ನ ಉಚ್ಚೆಯಲ್ಲೇ ಬಿದ್ದುಕೊಂಡಿದ್ದ. ಮೂರು ದಿನ ಇದ್ದು ತೀರಿಕೊಂಡ. ನಾನು ಮಣ್ಣಿಗೆ ಹೋಗಿದ್ದೆ. ಯಲ್ಲಕ್ಕ ಅಳುತ್ತಿರಲಿಲ್ಲ, ಆ ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಆಮೇಲೆ ರೇಣುಕಮ್ಮನಿಗೆ ಜಾಮೀನು ಸಿಗುತ್ತದೆ ಎಂಬ ಸುದ್ದಿ ಹಬ್ಬಿತು. ಸ್ನೇಹಾ ವಕೀಲರ ಹಿಂದೆ ಓಡಾಡುತ್ತಿದ್ದಳು. ಒಂದು ಸೋಮವಾರ ನಲವತ್ತೊಂದು ಹೆಂಗಸರೂ ನನ್ನ ಮೇಜನ್ನು ಮುತ್ತಿದರು. ಜಾಮೀನು ಕೊಡಬಾರದು ಎಂದು ಕೋರ್ಟಿಗೆ ಅರ್ಜಿ ಬೇಕಿತ್ತು ಅವರಿಗೆ. ಎಲ್ಲರಿಗಿಂತ ಮುಂದೆ ಬರಿಹಣೆಯಲ್ಲಿ ಯಲ್ಲಕ್ಕ ನಿಂತಿದ್ದಳು.

ಬರೆದು, ಗಟ್ಟಿಯಾಗಿ ಓದಿದೆ. ಇಂಕಿನ ಪ್ಯಾಡು ಮುಂದಿಡುವಾಗ ತಡೆಯಲಾಗದೆ ಕೇಳಿದೆ. "ಯಲ್ಲಕ್ಕ, ನಿನ್ನ ಸಲುವಾಗಿ ಜೈಲಿಗಿ ಹೋದಾಕಿ ಅವಳು. ನೀನೂ ಒತ್ತತೀಯೇನು?"

ಯಲ್ಲಕ್ಕ ನನ್ನನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ಸಲುವಾಗಿ ಹೋದ್ಲು, ಖರೇನ. ನನ್ನ ಕೈ ಹಿಡದು ಮೋಸ ಮಾಡಿದ್ಲು, ಅದೂ ಖರೇನ. ಒಂದ ಹೇಳು ಜಂಬಣ್ಣ. ಅವಳು ನನ್ನ ಬೆರಳು ಒತ್ತಸ್ವಾಗ ನೀ ಇಲ್ಲೇ ಕುಂತಿದ್ದೆಲ್ಲ. ನಿನಗ ಗೊತ್ತಿತ್ತೇನು?"

ನಾನು ತಲೆ ತಗ್ಗಿಸಿ ಪ್ಯಾಡಿಗೆ ಇಂಕು ಹಾಕಿದೆ. ಯಲ್ಲಕ್ಕ ಒತ್ತಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಒತ್ತಿದರು.

ಬರೆದುಕೊಟ್ಟವನು ಕೊನೆಯಲ್ಲಿ ಬಿಕ್ಕಲಂ, ಅಂದರೆ ಇಂಥವನ ಕೈಬರಹ, ಎಂದು ಬರೆದು ತನ್ನ ಸಹಿ ಹಾಕುವುದು ಪದ್ಧತಿ. ಹಾಕಿದೆ. ಅದರ ಕೆಳಗೆ ಸಾಕ್ಷಿಗಳು ಎಂದು ಎರಡು ಗೆರೆ ಖಾಲಿ ಬಿಟ್ಟಿದ್ದೆ. ಅಲ್ಲಿ ಹಾಕಬೇಕಾದ ಹೆಸರು ಯಾವುದೆಂದು ಅಲ್ಲಿ ನಿಂತಿದ್ದ ಯಲ್ಲಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ಸಹಿ ಹಾಕಿಸಿದೆ.